ಪೆಟ್ಟಿಗೆ ಒಂದು, ಒಳಗೆ ಹತ್ತು ವಿಂಡೋಸ್: ವಿಮ್‌ಲಿಬ್ ಏನು ಮಾಡುತ್ತದೆ?

ಪೆನ್‌ಡ್ರೈವ್ 16 ಜಿಬಿಯದು, ಪೂರ್ತಿ ಖಾಲಿ. ಅದಕ್ಕೆ ಹಾಕಬೇಕಿದ್ದ ಫೈಲ್ 5 ಜಿಬಿ ಆಸುಪಾಸು. ಆದರೂ ಕಾಪಿ ನಿಂತುಬಿಟ್ಟಿತು. ಫೈಲ್ ತುಂಬಾ ದೊಡ್ಡದು, ಇಲ್ಲಿ ಹಿಡಿಸುವುದಿಲ್ಲ ಅನ್ನುವ ಸಂದೇಶ.

ಅಣ್ಣನ ಮಗಳ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಕೊಡೋಣ ಅಂತ ಕೂತಿದ್ದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ಲ, ಆಮೇಲೆ ಈ ಕೆಲಸ ಎಷ್ಟೋ ಮನೆಗಳಿಗೆ ಬಂದಿದೆ. ನನ್ನ ಕಂಪ್ಯೂಟರ್‌ನಲ್ಲಿ ಇರುವುದು ವಿಂಡೋಸ್ ಅಲ್ಲ, ಉಬುಂಟು ಅನ್ನುವ ಲಿನಕ್ಸ್. ಐಎಸ್‌ಒ ಫೈಲ್ ಇಳಿಸಿಕೊಂಡು, ತೆರೆದು, ಒಳಗಿದ್ದದ್ದನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿದರೆ ಆಯಿತು ಅಂದುಕೊಂಡಿದ್ದೆ. ಒಂದು ಫೈಲ್ ಬಿಟ್ಟು ಬೇರೆಲ್ಲ ಹೋದವು. ಉಳಿದ ಆ ಫೈಲ್‌ನ ಹೆಸರು ಇನ್‌ಸ್ಟಾಲ್ ಡಾಟ್ ವಿಮ್.

ಅದು ಏನು, ಯಾಕೆ ಅಷ್ಟು ದೊಡ್ಡದು, ಅದನ್ನು ಬಿಚ್ಚಲು, ಕಟ್ಟಲು, ತುಂಡು ಮಾಡಲು ಇರುವ ವಿಮ್‌ಲಿಬ್ ಅನ್ನುವ ಉಚಿತ ಸಾಧನ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಬುಡದಿಂದ ಹೇಳುತ್ತೇನೆ. ಓದಲು ಸಲೀಸಾಗಲಿ ಅಂತ ಕಮಾಂಡ್‌ಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಹೊಡೆಯಬೇಕು, ಡಾಟ್ ಅಂದಲ್ಲಿ ಚುಕ್ಕಿ ಇಡಬೇಕು.

## ಡಿಸ್ಕ್ ಇಮೇಜ್ ಅಂದರೆ ಏನು

ಇಮೇಜ್ ಅಂದ ತಕ್ಷಣ ಫೋಟೋ ನೆನಪಾಗುತ್ತದೆ. ಇದು ಅದಲ್ಲ. ಒಂದು ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಒಂದೇ ಫೈಲ್ ಆಗಿ ಕಟ್ಟಿಟ್ಟರೆ ಅದನ್ನು ಡಿಸ್ಕ್ ಇಮೇಜ್ ಅನ್ನುತ್ತಾರೆ.

ಕಟ್ಟುವ ದಾರಿ ಎರಡು. ಬಾಡಿಗೆ ಮನೆ ಬದಲಿಸುವುದನ್ನು ನೆನಪು ಮಾಡಿಕೊಳ್ಳಿ. ಇಡೀ ಮನೆಯನ್ನೇ, ಖಾಲಿ ಕೋಣೆ, ಅಟ್ಟದ ಧೂಳು ಸಮೇತ, ಇದ್ದ ಹಾಗೇ ಎತ್ತಿಕೊಂಡು ಹೋಗಿ ಇನ್ನೊಂದು ಕಡೆ ಇಟ್ಟರೆ ಹೇಗಿರುತ್ತದೆ? ಅದು ಮೊದಲನೇ ದಾರಿ. ಡಿಸ್ಕ್‌ನ ಒಂದೊಂದು ಸೆಕ್ಟರನ್ನೂ, ಅಂದರೆ ಮಾಹಿತಿ ಇಡುವ ಪುಟ್ಟ ಖಾನೆಯನ್ನೂ, ಅದರಲ್ಲಿ ಏನಿದೆ ಏನಿಲ್ಲ ಅಂತ ಕೇಳದೆ, ಸಾಲಾಗಿ ನಕಲು ಮಾಡುವುದು. 500 ಜಿಬಿ ಡಿಸ್ಕ್‌ನಲ್ಲಿ 40 ಜಿಬಿ ಮಾತ್ರ ತುಂಬಿದ್ದರೂ 500 ಜಿಬಿಯನ್ನೂ ಓದಬೇಕು.

ಎರಡನೇ ದಾರಿ ನಾವೆಲ್ಲ ಮಾಡುವುದೇ. ಸಾಮಾನು ಮಾತ್ರ ಕಟ್ಟುತ್ತೇವೆ. ಇದು ಅಡುಗೆಮನೆಯದು, ಇದು ದೇವರಮನೆಯದು ಅಂತ ಚೀಟಿ ಅಂಟಿಸುತ್ತೇವೆ. ಹೊಸ ಮನೆಯ ಅಳತೆ ಬೇರೆ ಇದ್ದರೂ ತೊಂದರೆ ಇಲ್ಲ, ಚೀಟಿ ನೋಡಿ ಜೋಡಿಸಿದರೆ ಸಾಕು. ವಿಮ್ ಅನ್ನುವುದು ಈ ಜಾತಿಗೆ ಸೇರಿದ್ದು. ವಿಂಡೋಸ್ ಇಮೇಜಿಂಗ್ ಫಾರ್ಮ್ಯಾಟ್ ಅನ್ನುವುದರ ಮೊದಲಕ್ಷರಗಳು ಅವು. ಇದು ಸೆಕ್ಟರ್‌ಗಳನ್ನು ಹಿಡಿದಿಡುವುದಿಲ್ಲ. ಫೈಲ್‌ಗಳನ್ನು, ಅವುಗಳ ಫೋಲ್ಡರ್, ದಿನಾಂಕ, ಯಾರಿಗೆ ತೆರೆಯುವ ಅನುಮತಿ ಇದೆ ಅನ್ನುವ ವಿವರ, ಇವುಗಳ ಜೊತೆಗೆ ಹಿಡಿದಿಡುತ್ತದೆ.

ಇದು ಜನರ ಕಂಪ್ಯೂಟರ್‌ಗಳಿಗೆ ಬಂದದ್ದು 2007ರಲ್ಲಿ, ವಿಂಡೋಸ್ ವಿಸ್ಟಾ ಜೊತೆ. ಅದಕ್ಕೂ ಮುಂಚೆ ಎಕ್ಸ್‌ಪಿ ಹಾಕುವಾಗ ಸಿಡಿಯಿಂದ ಸಾವಿರಾರು ಚಿಕ್ಕ ಚಿಕ್ಕ ಫೈಲ್‌ಗಳು ಒಂದೊಂದಾಗಿ ಕಾಪಿ ಆಗುತ್ತಿದ್ದವು, ಪರದೆಯ ಮೇಲೆ ಹಳದಿ ಪಟ್ಟಿ ನಿಧಾನಕ್ಕೆ ತೆವಳುತ್ತಿತ್ತು, ನೆನಪಿದೆ ಅಲ್ವಾ? ವಿಸ್ಟಾದಿಂದ ಈಚೆಗೆ ಆ ಪದ್ಧತಿ ಹೋಯಿತು. ಮೊದಲೇ ಜೋಡಿಸಿಟ್ಟ ವಿಂಡೋಸ್ ಒಂದು ವಿಮ್ ಫೈಲ್‌ನಲ್ಲಿ ಇರುತ್ತದೆ. ಅದನ್ನು ನಿಮ್ಮ ಡಿಸ್ಕ್ ಮೇಲೆ ಬಿಚ್ಚಿ ಹರಡುವುದೇ ಇನ್‌ಸ್ಟಾಲ್ ಮಾಡುವ ಕೆಲಸದ ದೊಡ್ಡ ಭಾಗ.

ಹಾಗಾದರೆ ಐಎಸ್‌ಒ? ಅದು ಡಿವಿಡಿಯ ಇಮೇಜ್. ನಾವು ಇಳಿಸಿಕೊಳ್ಳುವ ವಿಂಡೋಸ್ ಐಎಸ್‌ಒ ಒಳಗೆ ಸೋರ್ಸಸ್ ಅನ್ನುವ ಫೋಲ್ಡರ್ ಇರುತ್ತದೆ, ಅದರೊಳಗೆ ಎರಡು ಮುಖ್ಯ ಫೈಲ್. ಬೂಟ್ ಡಾಟ್ ವಿಮ್ ಚಿಕ್ಕದು, ಇನ್‌ಸ್ಟಾಲ್ ಮಾಡುವ ಪರದೆಯನ್ನು ಎಬ್ಬಿಸುವುದು ಅದರ ಕೆಲಸ. ಇನ್‌ಸ್ಟಾಲ್ ಡಾಟ್ ವಿಮ್ ದೊಡ್ಡದು, ನಿಜವಾದ ವಿಂಡೋಸ್ ಇರುವುದು ಅದರಲ್ಲಿ. ಡಬ್ಬಿಯೊಳಗೆ ಡಬ್ಬಿ.

## ಮೇಳದ ಪೆಟ್ಟಿಗೆ

ನನಗೆ ವಿಮ್ ಸರಿಯಾಗಿ ಅರ್ಥ ಆದದ್ದು ಯಕ್ಷಗಾನ ಮೇಳದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ, ನೆನಪಾದಾಗ.

ತಿರುಗಾಟದ ಮೇಳ ಇವತ್ತು ಒಂದು ಊರು, ನಾಳೆ ಇನ್ನೊಂದು ಊರು ಅಂತ ಹೋಗುತ್ತದೆ. ದಿನಕ್ಕೊಂದು ಪ್ರಸಂಗ. ಆದರೆ ಪ್ರಸಂಗಕ್ಕೊಂದು ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾರಾ? ಇಲ್ಲ. ಇವತ್ತು ಒಬ್ಬ ರಾಜನ ತಲೆ ಮೇಲಿದ್ದ ಕಿರೀಟವೇ ನಾಳೆ ಬೇರೆ ಪ್ರಸಂಗದ ಇನ್ನೊಬ್ಬ ರಾಜನ ತಲೆಗೆ. ಭುಜಕೀರ್ತಿ, ಎದೆಕಟ್ಟು, ಗೆಜ್ಜೆ ಎಲ್ಲವೂ ಹಾಗೇ. ಯಾವ ಪ್ರಸಂಗಕ್ಕೆ ಯಾವ ಯಾವ ವಸ್ತು ಬೇಕು ಅನ್ನುವ ಲೆಕ್ಕ ಮಾತ್ರ ಬೇರೆ ಬೇರೆ.

ಇನ್‌ಸ್ಟಾಲ್ ಡಾಟ್ ವಿಮ್ ಒಳಗೆ ಇರುವುದು ಒಂದು ವಿಂಡೋಸ್ ಅಲ್ಲ. ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಪ್ರೊ, ಎಜುಕೇಶನ್ ಅಂತ ಹತ್ತರ ಆಸುಪಾಸು ಬಗೆಗಳು ಇರುತ್ತವೆ. ಪ್ರತಿಯೊಂದೂ ಬಿಚ್ಚಿದರೆ ಹತ್ತು ಜಿಬಿಗೂ ಜಾಸ್ತಿ. ಎಲ್ಲವನ್ನೂ ಬೇರೆ ಬೇರೆ ಇಟ್ಟಿದ್ದರೆ ನೂರು ಜಿಬಿ ದಾಟುತ್ತಿತ್ತು. ಐದಾರು ಜಿಬಿಯಲ್ಲಿ ಮುಗಿಯುವುದು ಹೇಗೆ ಅಂದರೆ, ಹೋಮ್‌ಗೂ ಪ್ರೊಗೂ ಇರುವ ಫೈಲ್‌ಗಳಲ್ಲಿ ಬಹುಪಾಲು ಒಂದೇ. ಆ ಒಂದೇ ಫೈಲನ್ನು ಪೆಟ್ಟಿಗೆಯಲ್ಲಿ ಒಂದೇ ಸಲ ಇಡುತ್ತಾರೆ. ಪ್ರತಿ ಬಗೆಗೂ ಒಂದು ಪಟ್ಟಿ ಇರುತ್ತದೆ. ಈ ಪಟ್ಟಿಯನ್ನೇ ವಿಮ್ ಲೋಕದಲ್ಲಿ ಇಮೇಜ್ ಅನ್ನುವುದು, ಒಂದೊಂದು ಇಮೇಜ್‌ಗೂ 1, 2, 3 ಅಂತ ನಂಬರ್.

ಎರಡು ಫೈಲ್ ಒಂದೇ ಅಂತ ಗೊತ್ತಾಗುವುದು ಹೇಗೆ? ಹೆಸರು ನೋಡಿ ಅಲ್ಲ. ಪ್ರತಿ ಫೈಲ್‌ನ ಒಳಗಿನ ಮಾಹಿತಿಗೆ ಶಾ-1 ಅನ್ನುವ ಲೆಕ್ಕ ಹಾಕಿ 20 ಬೈಟ್‌ನ ಒಂದು ಗುರುತು ತೆಗೆಯುತ್ತಾರೆ, ಬೆರಳಚ್ಚು ಇದ್ದ ಹಾಗೆ. ಒಳಗಿನ ಒಂದು ಅಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ಹೆಸರು ಬೇರೆ, ಫೋಲ್ಡರ್ ಬೇರೆ ಇದ್ದರೂ ಗುರುತು ಒಂದೇ ಆದರೆ ವಸ್ತು ಒಂದೇ. ಅದನ್ನು ಮತ್ತೆ ಇಡಬೇಕಾಗಿಲ್ಲ. ಈ ಗುರುತಿನಿಂದ ಇನ್ನೊಂದು ಲಾಭ ಇದೆ. ಬಿಚ್ಚುವಾಗ ಮತ್ತೆ ಲೆಕ್ಕ ಹಾಕಿ ನೋಡಿದರೆ ಫೈಲ್ ಕೆಟ್ಟಿದೆಯೋ ಸರಿ ಇದೆಯೋ ಗೊತ್ತಾಗುತ್ತದೆ.

## ವಿಮ್‌ಲಿಬ್ ಎಲ್ಲಿಂದ ಬಂತು

ವಿಮ್ ಫೈಲ್ ತೆರೆಯಲು ಮೈಕ್ರೋಸಾಫ್ಟ್‌ನದೇ ಸಾಧನಗಳಿವೆ. ಮೊದಲು ಇಮೇಜ್‌ಎಕ್ಸ್ ಇತ್ತು, ವಿಂಡೋಸ್ 7ರಿಂದ ಡಿಸ್ಮ್ ಅನ್ನುವುದು ಬಂತು. ಎರಡೂ ವಿಂಡೋಸ್ ಮೇಲೆ ಮಾತ್ರ ಓಡುತ್ತವೆ. ಈಗ ನನ್ನ ಸ್ಥಿತಿ ನೋಡಿ: ವಿಂಡೋಸ್ ಹಾಕಲು ವಿಮ್ ತೆರೆಯಬೇಕು, ವಿಮ್ ತೆರೆಯಲು ವಿಂಡೋಸ್ ಬೇಕು. ಕೆಟ್ಟುಹೋದ ಲ್ಯಾಪ್‌ಟಾಪ್ ಒಂದನ್ನೇ ಇಟ್ಟುಕೊಂಡವರಿಗೂ ಇದೇ ಪಾಡು.

ಎರಿಕ್ ಬಿಗರ್ಸ್ ಅನ್ನುವ ಪ್ರೋಗ್ರಾಮರ್ ಬರೆದ ವಿಮ್‌ಲಿಬ್ ಈ ಗಂಟನ್ನು ಬಿಡಿಸಿತು. ಲಿನಕ್ಸ್ ಕರ್ನಲ್‌ನಲ್ಲಿ ಫೈಲ್‌ಗಳಿಗೆ ಬೀಗ ಹಾಕುವ ಎನ್‌ಕ್ರಿಪ್ಷನ್ ಭಾಗದಲ್ಲಿ ಕೆಲಸ ಮಾಡಿದವರು ಇವರೇ. ವಿಮ್‌ಲಿಬ್ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಮೂಲ ಕೋಡ್ ತೆರೆದೇ ಇದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಉಬುಂಟು, ಡೆಬಿಯನ್‌ನಲ್ಲಿ ಇದರ ಪ್ಯಾಕೇಜ್ ಹೆಸರು ವಿಮ್‌ಟೂಲ್ಸ್. "ಸುಡೋ ಆಪ್ಟ್ ಇನ್‌ಸ್ಟಾಲ್ ವಿಮ್‌ಟೂಲ್ಸ್" ಅಂದರೆ ಬಂದು ಕೂರುತ್ತದೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ವಿಮ್‌ಲಿಬ್ ಅಂತಲೇ ಸಿಗುತ್ತದೆ.

ಇದಕ್ಕೆ ಕಿಟಕಿ, ಬಟನ್ ಏನೂ ಇಲ್ಲ. ಕಪ್ಪು ಪರದೆಯಲ್ಲಿ ಟೈಪ್ ಮಾಡಬೇಕು. ಹೆದರಬೇಡಿ, ಕಮಾಂಡ್‌ನ ರಚನೆ ತುಂಬಾ ಸರಳ. ಏನು ಮಾಡಬೇಕು, ಯಾವ ಫೈಲ್, ಯಾವ ಇಮೇಜ್, ಎಲ್ಲಿಗೆ, ಇಷ್ಟೇ. ವಿಮ್‌ಇನ್ಫೊ ಅಂತ ಬರೆದು ಒಂದು ಸ್ಪೇಸ್ ಬಿಟ್ಟು ಇನ್‌ಸ್ಟಾಲ್ ಡಾಟ್ ವಿಮ್ ಅಂತ ಬರೆದು ಎಂಟರ್ ಒತ್ತಿದರೆ, ಒಳಗೆ ಎಷ್ಟು ಇಮೇಜ್ ಇವೆ, ಒಂದೊಂದರ ಹೆಸರೇನು, ನಂಬರ್ ಎಷ್ಟು ಅಂತ ಪಟ್ಟಿ ಕೊಡುತ್ತದೆ. ಮೊದಲು ಇದೊಂದನ್ನೇ ಮಾಡಿ ನೋಡಿ. ಇದು ಸುಮ್ನೆ ಓದುತ್ತದೆ ಅಷ್ಟೇ, ಏನನ್ನೂ ಬದಲಿಸುವುದಿಲ್ಲ. ವಿಂಡೋಸ್ ಪೆನ್‌ಡ್ರೈವ್ ಮಾಡಲು ಎಷ್ಟೋ ಜನ ಬಳಸುವ ರೂಫಸ್ ಕೂಡ ವಿಮ್ ಕೆಲಸಕ್ಕೆ ಈಗ ಒಳಗೊಳಗೇ ವಿಮ್‌ಲಿಬ್ ಬಳಸುತ್ತದೆ. ಆದರೆ ರೂಫಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ.

## 4 ಜಿಬಿಯ ಗೋಡೆ

ಈಗ ಪೆನ್‌ಡ್ರೈವ್‌ಗೆ ವಾಪಸ್ ಬರೋಣ. 16 ಜಿಬಿ ಜಾಗದಲ್ಲಿ 5 ಜಿಬಿ ಫೈಲ್ ಯಾಕೆ ಕೂರಲಿಲ್ಲ?

ಪೆನ್‌ಡ್ರೈವ್‌ನಲ್ಲಿ ಫೈಲ್‌ಗಳನ್ನು ಇಡುವ ಪದ್ಧತಿಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ನನ್ನದರಲ್ಲಿ ಇದ್ದದ್ದು ಫ್ಯಾಟ್32, 1996ರಿಂದ ಬಂದದ್ದು. ಅದರಲ್ಲಿ ಪ್ರತಿ ಫೈಲ್‌ನ ಗಾತ್ರ ಬರೆಯಲು 32 ಬಿಟ್‌ನಷ್ಟೇ ಜಾಗ ಇದೆ. ಅಂಗಡಿ ಲೆಕ್ಕದ ಪುಸ್ತಕದಲ್ಲಿ ಮೊತ್ತದ ಕಾಲಮ್‌ಗೆ ನಾಲ್ಕೇ ಮನೆ ಇದ್ದರೆ 9999ಕ್ಕಿಂತ ಜಾಸ್ತಿ ಬರೆಯಲು ಆಗುವುದಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಎಷ್ಟೇ ಜಾಗ ಇರಲಿ. ಇಲ್ಲಿಯೂ ಹಾಗೇ. 32 ಬಿಟ್‌ನಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ 4,294,967,295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಡಿಸ್ಕ್ ಎಷ್ಟೇ ದೊಡ್ಡದಿದ್ದರೂ ಒಂದು ಫೈಲ್ ಇದಕ್ಕಿಂತ ದೊಡ್ಡದಾಗುವಂತಿಲ್ಲ.

ಫ್ಯಾಟ್32 ಬಿಟ್ಟು ಬೇರೆ ಬಳಸಬಹುದಲ್ಲ ಅಂತ ಕೇಳಬಹುದು. ಬಳಸಬಹುದು, ಆದರೆ ಕಂಪ್ಯೂಟರ್ ಆನ್ ಆದ ತಕ್ಷಣ ಎದ್ದೇಳುವ ಯುಇಎಫ್ಐ ಅನ್ನುವ ಪುಟ್ಟ ತಂತ್ರಾಂಶಕ್ಕೆ ಗ್ಯಾರಂಟಿಯಾಗಿ ಓದಲು ಬರುವುದು ಫ್ಯಾಟ್ ಕುಟುಂಬ ಮಾತ್ರ. ವಿಂಡೋಸ್‌ನ ಇನ್ನೊಂದು ಫೈಲ್ ಸಿಸ್ಟಮ್ ಆದ ಎನ್‌ಟಿಎಫ್ಎಸ್ ಹಾಕಿದರೆ ಕೆಲವು ಯಂತ್ರಗಳು ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತವೆ, ಕೆಲವು ಆಗುವುದಿಲ್ಲ. ಹಾಗಾಗಿ ಪೆನ್‌ಡ್ರೈವ್ ಹಾಗೇ ಇರಲಿ, ಫೈಲನ್ನೇ ತುಂಡು ಮಾಡೋಣ ಅನ್ನುವುದು ಒಳ್ಳೆಯ ದಾರಿ.

ವಿಮ್‌ಲಿಬ್‌ನ ವಿಮ್‌ಸ್ಪ್ಲಿಟ್ ಅನ್ನುವ ಕಮಾಂಡ್ ಇರುವುದು ಇದಕ್ಕೇ. ವಿಮ್‌ಸ್ಪ್ಲಿಟ್, ಆಮೇಲೆ ಇನ್‌ಸ್ಟಾಲ್ ಡಾಟ್ ವಿಮ್, ಆಮೇಲೆ ಇನ್‌ಸ್ಟಾಲ್ ಡಾಟ್ ಎಸ್‌ಡಬ್ಲ್ಯೂಎಂ, ಕೊನೆಗೆ 3800. ಈ 3800 ಅನ್ನುವುದು ಒಂದೊಂದು ತುಂಡು ಎಷ್ಟು ಎಂಬಿ ಮೀರಬಾರದು ಅನ್ನುವ ಲೆಕ್ಕ. 4096 ಆದರೆ ಸರಿಯಾಗಿ 4 ಜಿಬಿ ಆಗಿಬಿಡುತ್ತದೆ, ಅದಕ್ಕೆ ಸ್ವಲ್ಪ ಕಡಿಮೆ ಕೊಡುವುದು. ಕೆಲವು ನಿಮಿಷದಲ್ಲಿ ಇನ್‌ಸ್ಟಾಲ್ ಡಾಟ್ ಎಸ್‌ಡಬ್ಲ್ಯೂಎಂ, ಇನ್‌ಸ್ಟಾಲ್2 ಡಾಟ್ ಎಸ್‌ಡಬ್ಲ್ಯೂಎಂ ಅಂತ ಎರಡು ಫೈಲ್ ಸಿಗುತ್ತವೆ. ಇನ್‌ಸ್ಟಾಲ್ ಡಾಟ್ ವಿಮ್ ಬದಲು ಇವೆರಡನ್ನೂ ಪೆನ್‌ಡ್ರೈವ್‌ನ ಸೋರ್ಸಸ್ ಫೋಲ್ಡರ್‌ಗೆ ಹಾಕಿ. ವಿಂಡೋಸ್ ಸೆಟಪ್ ಇವನ್ನು ತಾನೇ ಗುರುತು ಹಿಡಿದು ಜೋಡಿಸಿಕೊಳ್ಳುತ್ತದೆ. ಹೆಸರು ಮಾತ್ರ ಬದಲಿಸಬೇಡಿ.

ಬೇರೆ ಫೈಲ್ ಕತ್ತರಿಸುವ ತಂತ್ರಾಂಶದಿಂದ ಇದನ್ನು ಮಾಡಿದರೆ ಆಗುವುದಿಲ್ಲ ಯಾಕೆ? ಅವು ಕಬ್ಬು ತುಂಡು ಮಾಡಿದ ಹಾಗೆ ಅಳತೆ ನೋಡಿ ಕತ್ತರಿಸುತ್ತವೆ. ನಡುವೆ ಯಾವ ಫೈಲ್ ಇದೆ ಅಂತ ನೋಡುವುದಿಲ್ಲ. ವಿಮ್‌ಸ್ಪ್ಲಿಟ್ ಒಂದು ವಸ್ತುವನ್ನು ಎರಡು ಪೆಟ್ಟಿಗೆಗೆ ಹಂಚುವುದಿಲ್ಲ. ಒಂದೊಂದು ವಸ್ತುವನ್ನೂ ಇಡಿಯಾಗಿ ಈ ಪೆಟ್ಟಿಗೆಗೋ ಆ ಪೆಟ್ಟಿಗೆಗೋ ಹಾಕುತ್ತದೆ, ಪ್ರತಿ ಪೆಟ್ಟಿಗೆಯ ಮೇಲೂ ಇದು ಎಷ್ಟನೆಯದು, ಒಟ್ಟು ಎಷ್ಟು ಅಂತ ಬರೆದಿಡುತ್ತದೆ. ಮತ್ತೆ ಒಂದು ಮಾಡಬೇಕು ಅನ್ನಿಸಿದರೆ ವಿಮ್‌ಜಾಯಿನ್ ಇದೆ. ತುಂಡಾಗಿರುವಾಗ ಒಳಗಿನದ್ದನ್ನು ತಿದ್ದಲು ಬರುವುದಿಲ್ಲ, ಮೊದಲು ಜೋಡಿಸಬೇಕು.

ಅಣ್ಣನ ಮಗಳ ಲ್ಯಾಪ್‌ಟಾಪ್ ಹೀಗೆ ಮಾಡಿದ ಪೆನ್‌ಡ್ರೈವ್‌ನಿಂದಲೇ ಎದ್ದಿತು.

## ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಮಾತ್ರ

ವಿಮ್‌ಇನ್ಫೊ ಪಟ್ಟಿಯಲ್ಲಿ ಹೋಮ್ ಎನ್, ಪ್ರೊ ಎನ್ ಅಂತೆಲ್ಲ ಕಾಣುತ್ತದೆ. ಅವು ಯುರೋಪಿಗೆ ಮಾಡಿದವು. 2004ರಲ್ಲಿ ಯುರೋಪಿಯನ್ ಕಮಿಷನ್ ಕೊಟ್ಟ ತೀರ್ಪಿನಿಂದಾಗಿ ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸ್ ಕೊಡಬೇಕಾಗಿ ಬಂತು, ಅದರ ಗುರುತು ಆ ಎನ್. ನಮಗೆ ಅದರ ಅಗತ್ಯ ಇಲ್ಲ.

ಬೇಕಾದ ಒಂದು ಇಮೇಜನ್ನು ಮಾತ್ರ ಹೊಸ ಪೆಟ್ಟಿಗೆಗೆ ತೆಗೆದಿಡಲು ವಿಮ್‌ಎಕ್ಸ್‌ಪೋರ್ಟ್ ಇದೆ. ಹಳೆ ಫೈಲ್, ಇಮೇಜ್ ನಂಬರ್, ಹೊಸ ಫೈಲ್‌ನ ಹೆಸರು, ಇಷ್ಟು ಕೊಟ್ಟರೆ ಸಾಕು. ಆದರೆ ಹತ್ತರಲ್ಲಿ ಒಂದನ್ನು ತೆಗೆದೆ, ಗಾತ್ರವೂ ಹತ್ತರಲ್ಲಿ ಒಂದಾಗುತ್ತದೆ ಅಂದುಕೊಳ್ಳಬೇಡಿ. ಮೇಳದ ಪೆಟ್ಟಿಗೆ ನೆನಪು ಮಾಡಿಕೊಳ್ಳಿ. ಒಂದೇ ಪ್ರಸಂಗ ಆಡುತ್ತೇನೆ ಅಂದರೂ ಕಿರೀಟ, ಗೆಜ್ಜೆ ಎಲ್ಲ ಬೇಕೇ ಬೇಕು. ಉಳಿದ ಪ್ರಸಂಗಗಳಿಗೆ ಮಾತ್ರ ಬೇಕಿದ್ದ ಕೆಲವು ವಸ್ತು ಕಡಿಮೆಯಾಗುತ್ತವೆ, ಅಷ್ಟೇ.

ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಅದರ ಲೈಸೆನ್ಸ್ ಕೀ ಲ್ಯಾಪ್‌ಟಾಪ್‌ನ ಫರ್ಮ್‌ವೇರ್‌ನಲ್ಲೇ ಬರೆದಿರುತ್ತದೆ, ಸೆಟಪ್ ಅದನ್ನು ಓದಿ ಸರಿಹೊಂದುವ ಬಗೆಯನ್ನು ತಾನೇ ಆರಿಸಿಕೊಳ್ಳುತ್ತದೆ. ನೀವು ಪ್ರೊ ಮಾತ್ರ ಉಳಿಸಿ ಬೇರೆಲ್ಲ ಬಿಟ್ಟರೆ ಆ ಕೀ ಹೊಂದುವುದಿಲ್ಲ. ಗೊತ್ತಿಲ್ಲದಿದ್ದರೆ ಏನನ್ನೂ ತೆಗೆಯದೆ ತುಂಡು ಮಾಡುವುದೇ ಸುರಕ್ಷಿತ.

ಕೆಲವು ಐಎಸ್‌ಒಗಳಲ್ಲಿ ಇನ್‌ಸ್ಟಾಲ್ ಡಾಟ್ ಇಎಸ್‌ಡಿ ಅಂತ ಇರುತ್ತದೆ. ಅದೂ ವಿಮ್ ಕುಟುಂಬದ್ದೇ, ಒತ್ತಿ ಕಟ್ಟುವ ರೀತಿ ಬೇರೆ. ಮಾಮೂಲಿ ವಿಮ್‌ನಲ್ಲಿ ಒಂದೊಂದು ಸೀರೆಯನ್ನೂ ಬೇರೆ ಬೇರೆ ಕವರ್‌ಗೆ ಹಾಕಿದ ಹಾಗೆ, ಬೇಕಾದ್ದನ್ನು ಥಟ್ ಅಂತ ತೆಗೆಯಬಹುದು. ಇಎಸ್‌ಡಿಯಲ್ಲಿ ಎಲ್ಲ ಸೀರೆಗಳನ್ನೂ ಸೇರಿಸಿ ಬಿಗಿಯಾಗಿ ಗಂಟು ಕಟ್ಟಿದ ಹಾಗೆ. ಜಾಗ ಕಡಿಮೆ ಸಾಕು, ಆದರೆ ಒಂದು ಸೀರೆ ಬೇಕೆಂದರೂ ಗಂಟು ಬಿಚ್ಚಬೇಕು. ಇದಕ್ಕೆ ಸಾಲಿಡ್ ಕಂಪ್ರೆಷನ್ ಅನ್ನುತ್ತಾರೆ. ವಿಮ್‌ಎಕ್ಸ್‌ಪೋರ್ಟ್ ಒಂದು ರೀತಿಯಿಂದ ಇನ್ನೊಂದಕ್ಕೆ ಬದಲಿಸಿಯೂ ಕೊಡುತ್ತದೆ.

## ಇಡೀ ವಿಂಡೋಸ್‌ನ ಬ್ಯಾಕಪ್

ಜನರಿಗೆ ಅಷ್ಟಾಗಿ ಗೊತ್ತಿಲ್ಲದ, ಆದರೆ ನನಗೆ ತುಂಬಾ ಉಪಯೋಗ ಅನ್ನಿಸಿದ ಕೆಲಸ ಇದು. ವಿಮ್‌ಕ್ಯಾಪ್ಚರ್ ಅನ್ನುವ ಕಮಾಂಡ್ ಒಂದು ಫೋಲ್ಡರನ್ನೋ ಇಡೀ ವಿಂಡೋಸ್ ಪಾರ್ಟಿಷನ್ನನ್ನೋ (ಡಿಸ್ಕ್‌ನಲ್ಲಿ ವಿಂಡೋಸ್ ಇರುವ ಭಾಗ) ವಿಮ್ ಆಗಿ ಕಟ್ಟಿಡುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಒಳಗಿನ ವಿಂಡೋಸ್ ಪಾರ್ಟಿಷನ್‌ನ ಹೆಸರು ಕೊಟ್ಟರೆ, ಫೈಲ್‌ಗಳ ಜೊತೆ ಅನುಮತಿಗಳು, ಗುಪ್ತ ಮಾಹಿತಿ, ಹಳೆ ಕಾಲದ ಗಿಡ್ಡ ಹೆಸರುಗಳು ಎಲ್ಲವನ್ನೂ ಹಿಡಿಯುತ್ತದೆ. ಸುಮ್ನೆ ಫೋಲ್ಡರ್ ಕಾಪಿ ಮಾಡಿದರೆ ಇವೆಲ್ಲ ಕಳೆದುಹೋಗುತ್ತವೆ, ವಾಪಸ್ ಹಾಕಿದರೆ ವಿಂಡೋಸ್ ಏಳುವುದಿಲ್ಲ.

ಇನ್ನೂ ಒಳ್ಳೆಯ ಭಾಗ ಮುಂದಿನ ತಿಂಗಳದ್ದು. ವಿಮ್‌ಅಪೆಂಡ್ ಅಂತ ಕೊಟ್ಟು ಅದೇ ಫೈಲ್‌ಗೆ ಎರಡನೇ ಬ್ಯಾಕಪ್ ಸೇರಿಸಬಹುದು. ಬದಲಾಗದ ಫೈಲ್‌ಗಳು ಪೆಟ್ಟಿಗೆಯಲ್ಲಿ ಆಗಲೇ ಇವೆ, ಹೊಸದಾಗಿ ಬಂದವು ಮಾತ್ರ ಒಳಗೆ ಹೋಗುತ್ತವೆ. ಹೊಸ ಪ್ರಸಂಗಕ್ಕೆ ಹೊಸ ವೇಷ ಎರಡು ಸೇರಿಸಿದ ಹಾಗೆ. ಆದರೂ ಒಂದೊಂದು ತಿಂಗಳ ಬ್ಯಾಕಪ್ಪೂ ಪೂರ್ತಿ. ಜನವರಿಯದು ಬೇಕೆಂದರೆ 1, ಫೆಬ್ರವರಿಯದು ಬೇಕೆಂದರೆ 2 ಅಂತ ವಿಮ್‌ಅಪ್ಲೈಗೆ ಹೇಳಿದರೆ ಆ ದಿನ ಹೇಗಿತ್ತೋ ಹಾಗೇ ಬಿಚ್ಚುತ್ತದೆ. ಒಂದೇ ಒಂದು ಫೈಲ್ ಸಾಕು ಅಂದರೆ ವಿಮ್‌ಎಕ್ಸ್‌ಟ್ರ್ಯಾಕ್ಟ್. ಪೆಟ್ಟಿಗೆ ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ವಿಮ್‌ವೆರಿಫೈ, ಅದು ಪ್ರತಿ ವಸ್ತುವಿನ ಗುರುತನ್ನೂ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಎಲ್ಲ ತಿಂಗಳೂ ಒಂದೇ ಫೈಲ್‌ನಲ್ಲಿ ಇರುವುದರಿಂದ ಆ ಫೈಲ್‌ನ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇಡಿ, ದಯವಿಟ್ಟು.

## ಇದರಿಂದ ಆಗದ ಕೆಲಸಗಳು

ವಿಮ್ ಹಿಡಿಯುವುದು ಫೈಲ್‌ಗಳನ್ನು ಮಾತ್ರ ಅಂದೆನಲ್ಲ, ಇದರ ಮಿತಿಗಳು ಹುಟ್ಟುವುದೂ ಅಲ್ಲಿಂದಲೇ. ಅಳಿಸಿಹೋದ ಫೋಟೋ ವಾಪಸ್ ಪಡೆಯಬೇಕು, ಸಾಯುತ್ತಿರುವ ಹಾರ್ಡ್‌ಡಿಸ್ಕ್‌ನಿಂದ ಉಳಿದದ್ದನ್ನು ಎಳೆಯಬೇಕು ಅಂದರೆ ಇದು ಬೇಡ. ಅಳಿಸಿದ ಫೋಟೋ ಇರುವುದು ಖಾಲಿ ಅಂತ ಗುರುತಾದ ಜಾಗದಲ್ಲಿ, ವಿಮ್ ಆ ಕಡೆ ನೋಡುವುದೇ ಇಲ್ಲ. ಅಲ್ಲಿಗೆ ಸೆಕ್ಟರ್ ಸೆಕ್ಟರ್ ನಕಲು ಮಾಡುವ ಡಿಡಿರೆಸ್ಕ್ಯೂ ತರಹದ್ದು ಬೇಕು.

ವಿಂಡೋಸ್‌ನ ಬಿಟ್‌ಲಾಕರ್ ಅನ್ನುವ ಎನ್‌ಕ್ರಿಪ್ಷನ್ ಬೀಗ ಹಾಕಿದ ಪಾರ್ಟಿಷನ್ನನ್ನು ಲಿನಕ್ಸ್‌ನಿಂದ ನೇರ ಓದಲು ಬರುವುದಿಲ್ಲ, ಮೊದಲು ಬೀಗ ತೆಗೆಯಬೇಕು. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ನಮಗೆ ಗೊತ್ತಿಲ್ಲದ ಹಾಗೇ ಬಿದ್ದಿರಬಹುದು, ಅದಕ್ಕೇ ಮೊದಲೇ ನೋಡಿಕೊಳ್ಳಿ. ಹಾಗೇ, ವಿಂಡೋಸನ್ನು ಮಾಮೂಲಿ ರೀತಿ ಶಟ್‌ಡೌನ್ ಮಾಡಿದಾಗ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಅದು ಪೂರ್ತಿ ಮಲಗಿರುವುದಿಲ್ಲ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಆರುತ್ತದೆ, ಆಮೇಲೆ ಕ್ಯಾಪ್ಚರ್ ಮಾಡಿ.

ಬ್ಯಾಕಪ್ಪನ್ನು ವಾಪಸ್ ಹಾಕುವಾಗ ವಿಮ್‌ಅಪ್ಲೈ ಪಾರ್ಟಿಷನ್ ಮಾಡಿಕೊಡುವುದಿಲ್ಲ, ಫಾರ್ಮ್ಯಾಟ್ ಮಾಡಿಕೊಡುವುದಿಲ್ಲ, ಬೂಟ್ ಆಗುವ ವ್ಯವಸ್ಥೆಯನ್ನೂ ಮಾಡುವುದಿಲ್ಲ. ಖಾಲಿ ಎನ್‌ಟಿಎಫ್ಎಸ್ ಪಾರ್ಟಿಷನ್ ನಾವೇ ಮಾಡಿ ಕೊಡಬೇಕು. ಹೊಸ ಡಿಸ್ಕ್‌ಗೆ ಹಾಕಿದ್ದರೆ, ಎಲ್ಲ ಬಿಚ್ಚಿದ ಮೇಲೆ ವಿಂಡೋಸ್ ಪೆನ್‌ಡ್ರೈವ್‌ನಿಂದ ಎದ್ದು, ಅಲ್ಲಿನ ಕಮಾಂಡ್ ಪರದೆಯಲ್ಲಿ ಬಿಸಿಡಿಬೂಟ್ ಅನ್ನುವ ಕಮಾಂಡ್ ಓಡಿಸಬೇಕು. ಆ ಪರದೆ ತೆರೆಯಲು ಸೆಟಪ್ ಕಿಟಕಿ ಬಂದಾಗ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಯನ್ನೂ ಸೇರಿಸಿ ಒತ್ತಬೇಕಾಗುತ್ತದೆ.